ಕೈವಾರದ ಚುಕ್ಕಿ

ಖುಜೈಮ ಅಚ್ಚು ಕೆತ್ತಲು ಕೂತನೆಂದರೆ ನಸೀಬೀನ್ ಊರಿನ ಟಂಕಸಾಲೆಯಲ್ಲಿ ಯಾರೂ ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಕರೆದರೆ ಉತ್ತರ ಬರುತ್ತಿರಲಿಲ್ಲ. ಬಂದರೂ ಕೇಳುವಂಥ ಉತ್ತರವಾಗಿರುತ್ತಿರಲಿಲ್ಲ. ಬೆಳ್ಳಿಯ ಮೇಲೆ ನೇರವಾಗಿ ಬೀಳಬೇಕಾದ ಅಕ್ಷರವನ್ನು ಉಕ್ಕಿನ ಮೇಲೆ ಉಲ್ಟಾ ಕೆತ್ತಬೇಕು, ಅದೂ ಅಂಗೈಯ ಗುಳಿಯಷ್ಟು ಜಾಗದಲ್ಲಿ. ಮೂವತ್ತೆರಡು ವರ್ಷ ಇದೇ ಕೆಲಸ ಮಾಡಿ ಅವನಿಗೆ ನೇರ ಬರಹದ ಅಭ್ಯಾಸವೇ ತಪ್ಪಿಹೋಗಿತ್ತು. ಮಸೀದಿಯ ಗೋಡೆಯ ಬರಹ ಓದುವಾಗ ತಡವರಿಸುತ್ತಿದ್ದ. ಅವನ ಹೆಂಡತಿ ಲುಬಾಬ ಅದನ್ನು ನೆರೆಯವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಆ ಮೂವತ್ತೆರಡು ವರ್ಷದಲ್ಲಿ ಅವನ ಉಳಿ ಏಳು ಅಮೀರರ ಹೆಸರು ಕೆತ್ತಿತ್ತು. ಏಳೂ ಜನ ಒಂದೇ ಮನೆತನದವರು. ಅಣ್ಣನನ್ನು ತಮ್ಮ ಓಡಿಸುವುದು, ತಮ್ಮನನ್ನು ಅಣ್ಣನ ಮಗ ಓಡಿಸುವುದು, ಅದೇ ಅವರ ಕುಲಕಸುಬು. ಬಗ್ದಾದಿನ ಖಲೀಫರ ಹೆಸರು ನಾಣ್ಯದ ಮೇಲಿನ ಸಾಲಿನಲ್ಲಿ ತನ್ನ ಪಾಡಿಗೆ ತಾನಿರುತ್ತಿತ್ತು, ಜಗಳವೆಲ್ಲ ಕೆಳಗಿನ ಸಾಲಿನದು. ಊರು ಈಗ ಯಾರ ಕಡೆ ಎಂದು ತಿಳಿಯಬೇಕಾದವರು ಎರಡೇ ಕಡೆ ನೋಡುತ್ತಿದ್ದರು. ಒಂದು, ಶುಕ್ರವಾರ ಮಸೀದಿಯಲ್ಲಿ ಪ್ರವಚನ ಮಾಡುವ ಖತೀಬರು ಮಿಂಬರ್ ಎಂಬ ಪೀಠ ಹತ್ತಿ ಯಾರ ಹೆಸರೆತ್ತಿ ಹರಸುತ್ತಾರೆ ಎಂಬುದು. ಇನ್ನೊಂದು, ಹೊಸ ಬೆಳ್ಳಿ ನಾಣ್ಯವಾದ ದಿರ್ಹಮಿನ ಕೆಳಗಿನ ಸಾಲು.

ಪ್ರತಿ ಅಚ್ಚಿನ ಕೆಲಸವೂ ಕೈವಾರದಿಂದ ಶುರುವಾಗುತ್ತದೆ. ಉಕ್ಕಿನ ನಟ್ಟನಡುವೆ ಕೈವಾರದ ಮೊನೆ ಊರಿ ವೃತ್ತ ಎಳೆಯಬೇಕು, ಆಮೇಲೆ ಸಾಲು, ಆಮೇಲೆ ಅಕ್ಷರ. ಮೊನೆ ಊರಿದ ಕಡೆ ಸಾಸಿವೆ ಕಾಳಿಗಿಂತ ಸಣ್ಣದೊಂದು ಗುಂಡಿ ಉಳಿಯುತ್ತದೆ. ಅದನ್ನು ಹಾಗೇ ಬಿಟ್ಟರೆ ಬೆಳ್ಳಿಯ ಮೇಲೆ ಅದು ಉಬ್ಬಿದ ಚುಕ್ಕಿಯಾಗಿ ಮೂಡುತ್ತದೆ. ಆದ್ದರಿಂದ ಅಕ್ಷರವೆಲ್ಲ ಮುಗಿದ ಮೇಲೆ ಗುಂಡಿಯ ಸುತ್ತ ಮೆಲ್ಲಗೆ ತಟ್ಟಿ, ಅಕೀಕು ಎಂಬ ಗಟ್ಟಿಕಲ್ಲಿನ ಒಪ್ಪಗಲ್ಲಿನಿಂದ ಉಜ್ಜಿ ಉಜ್ಜಿ ಮುಚ್ಚಬೇಕು. ಹೇಳಿಕೊಳ್ಳುವಂಥ ಕೆಲಸವಲ್ಲ. ಎಂಟು ವರ್ಷದಿಂದ ಅದನ್ನು ಮಾಡುತ್ತಿದ್ದವನು ಅವನ ಮಗ ಹಯ್ಯಾನ್.

ಮೊದಲೆರಡು ಕೂಸುಗಳು ಕೈಗೆ ಹತ್ತದೆ ಹೋದ ಮೇಲೆ ಹುಟ್ಟಿದವನು ಹಯ್ಯಾನ್. ಆ ಹೆಸರಿನಲ್ಲೇ ಜೀವ ಎಂಬ ಅರ್ಥವಿದೆ, ಇವನಾದರೂ ಉಳಿಯಲಿ ಎಂದು ಲುಬಾಬ ಹುಡುಕಿ ಇಟ್ಟ ಹೆಸರು. ಉಳಿದ, ಬೆಳೆದ, ಇಪ್ಪತ್ತೆರಡು ತುಂಬಿ ಹೆಗಲಿಗೆ ಹೆಗಲು ಕೊಡುವಂತಾದ. ನಮ್ಮ ಕಡೆ ಗಂಡುಮಗುವಾದ ಮೇಲೆ ಗಂಡಸಿಗೆ ಸ್ವಂತ ಹೆಸರು ಉಳಿಯುವುದಿಲ್ಲ. ಅಬೂ ಹಯ್ಯಾನ್, ಅಂದರೆ ಹಯ್ಯಾನನಪ್ಪ, ಎಂದೇ ಊರೆಲ್ಲ ಖುಜೈಮನನ್ನು ಕರೆಯುತ್ತಿತ್ತು. ಖುಜೈಮ ಎಂದು ಯಾರಾದರೂ ಕರೆದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲವೇನೋ.

ಐವತ್ತು ದಾಟಿದ ಮೇಲೆ ಅವನಿಗೆ ದೂರದ ಬೆಟ್ಟ ಕಾಣುತ್ತಿತ್ತು, ಕೈಯಲ್ಲಿದ್ದದ್ದು ಕಾಣುತ್ತಿರಲಿಲ್ಲ. ಅಕ್ಷರ ಕೆತ್ತಲು ಕಣ್ಣು ಬೇಕಿರಲಿಲ್ಲ, ಮೂವತ್ತು ವರ್ಷದ ಕೈ ತಾನೇ ಹೋಗುತ್ತಿತ್ತು. ಆದರೆ ಗುಂಡಿ ಮುಚ್ಚಿತೋ ಇಲ್ಲವೋ ನೋಡಲು ಎಳೆಯ ಕಣ್ಣೇ ಬೇಕು. ಈ ಸಂಗತಿ ಟಂಕಸಾಲೆಯ ಮೇಲ್ವಿಚಾರಕ ನುಫೈಲನಿಗೆ ತಿಳಿದರೆ ಕೆಲಸಕ್ಕೆ ಕುತ್ತು ಎಂದು ಅಪ್ಪ ಮಗ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಹಯ್ಯಾನನಿಗೆ ಅಪ್ಪನನ್ನು ಕೆಣಕಲು ಮಾತ್ರ ಅದೊಂದು ದಾರಿಯಾಗಿತ್ತು.

"ಅಪ್ಪಾ, ಈ ಗುಂಡಿ ಮುಚ್ಚೋಕೇ ನನ್ನ ಹೆತ್ತಿದ್ದಾ ನೀವು?" ಎಂದು ಕೇಳುತ್ತಿದ್ದ.

"ಹೂಂ ಮತ್ತೆ. ಕೆತ್ತೋಕೆ ನಾನಿದೀನಲ್ಲ," ಎನ್ನುತ್ತಿದ್ದ ಖುಜೈಮ, ತಲೆಯೆತ್ತದೆ.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅಮೀರ್ ಬುರೈದನ ಮೇಲೆ ಅವನ ಅಣ್ಣನ ಮಗ ಯಜೀದ್ ದಂಡೆತ್ತಿ ಬಂದ. ಬುರೈದ್ ಮುದುಕ, ಆದರೆ ಪೆದ್ದನಲ್ಲ. ಬಯಲಿನಲ್ಲಿ ನಿಂತು ಕಾದಾಡುವ ಬದಲು ಉತ್ತರದ ಗುಡ್ಡದಲ್ಲಿದ್ದ ಕಾಗೆಕೋಟೆಗೆ ತನ್ನ ದಂಡನ್ನು ಎಬ್ಬಿಸಿಕೊಂಡು ಹೊರಟ. ಹೋಗುವ ಮುನ್ನ ಊರಿನ ಮುಖಂಡರನ್ನು ಕರೆಸಿ, ಊರಿನ ಕೋಟೆ ಕಾಯುವುದು ನಿಮ್ಮಿಂದಾಗದು, ಅದು ನನಗೂ ಗೊತ್ತು, ಅವನು ಬಂದರೆ ಬಾಗಿಲು ತೆಗೆಯಿರಿ ಎಂದ. ಎಲ್ಲರೂ ಉಸಿರು ಬಿಟ್ಟರು. ಅಷ್ಟರಲ್ಲಿ ಅವನು ಮಾತು ಮುಂದುವರಿಸಿದ.

"ಖತೀಬರ ಕುತ್ತಿಗೆಗೆ ಕತ್ತಿ ಹಿಡಿದು ಏನು ಬೇಕಾದ್ರೂ ಹೇಳಿಸ್ತಾರೆ, ಅದು ಗಾಳಿಗೆ ಹೋಯ್ತು. ನಾಣ್ಯ ಹಾಗಲ್ಲ, ನನ್ನ ಕೈಗೆ ಬಂದು ಬೀಳತ್ತೆ. ನಿಮ್ಮ ಟಂಕಸಾಲೇಲಿ ಆ ಹುಡುಗನ ಹೆಸರು ಬಿತ್ತು ಅಂದ್ರೆ ನೀವು ಮನಸಾರೆ ಅವನ ಕಡೆ ಹೋದ್ರಿ ಅಂತ್ಲೇ ನನ್ನ ಲೆಕ್ಕ."

ಆ ಮಾತಿಗೆ ಜಾಮೀನಾಗಿ ಐದು ಮನೆಯ ಐದು ಗಂಡುಮಕ್ಕಳನ್ನು ಒತ್ತೆಯಾಳಾಗಿ ಕೇಳಿದ. ಖಾಜಿಯ ಮನೆಯಿಂದ ಒಬ್ಬ, ಗೋಧಿಯ ಮಂಡಿಯಿಂದ ಒಬ್ಬ, ಬಟ್ಟೆಯವರಿಂದ ಒಬ್ಬ, ಗುಲಾಬಿ ನೀರು ಇಳಿಸುವವರಿಂದ ಒಬ್ಬ, ಟಂಕಸಾಲೆಯಿಂದ ಒಬ್ಬ. ನುಫೈಲನಿಗಿದ್ದದ್ದು ನಾಲ್ಕು ಹೆಣ್ಣುಮಕ್ಕಳು. ಹಾಗಾಗಿ ಟಂಕಸಾಲೆಯ ಪಾಲಿಗೆ ಹಯ್ಯಾನ್ ಹೋಗಬೇಕಾಯಿತು.

ಹೊರಡುವ ದಿನ ಲುಬಾಬ ರೊಟ್ಟಿ, ಒಣಗಿಸಿದ ಜರ್ದಾಳು, ಉಪ್ಪು ಹಾಕಿದ ಗಿಣ್ಣು ಎಲ್ಲ ಗಂಟು ಕಟ್ಟಿ ಕೊಟ್ಟಳು. ಅವಳು ಅತ್ತಳು, ಅಳುವುದು ಅವಳಿಗೆ ಬರುತ್ತಿತ್ತು. ಖುಜೈಮನಿಗೆ ಬರುತ್ತಿರಲಿಲ್ಲ. ಅವನು ಮಗನ ಕೆರದ ದಾರ ಸರಿಯಿಲ್ಲ, ಹೇಸರಗತ್ತೆಯ ಜೀನು ಸರಿಯಿಲ್ಲ ಎಂದು ಎಲ್ಲರ ಮೇಲೂ ಹರಿಹಾಯ್ದ. ಹಯ್ಯಾನ್ ಹೇಸರಗತ್ತೆ ಹತ್ತಿದವನು ಬಗ್ಗಿ, ಬೇರೆಯವರಿಗೆ ಕೇಳಿಸದಂತೆ ಹೇಳಿದ.

"ಅಪ್ಪಾ, ಒಪ್ಪಗಲ್ಲು ಬಾಗಿಲ ಪಕ್ಕದ ಗೂಡಲ್ಲಿದೆ. ಕೈವಾರದ ಗುಂಡಿ ಮುಚ್ಚೋದು ಮರೀಬೇಡಿ. ಕಣ್ಣಿಗೆ ಕಾಣಲ್ಲ, ಬೆರಳಲ್ಲಿ ನೋಡಿ."

"ನೀನು ಹುಟ್ಟೋಕೆ ಮುಂಚೆ ಯಾರು ಮುಚ್ತಿದ್ರು ಅಂದ್ಕೊಂಡೆ? ಹೋಗು, ಹೋಗು," ಎಂದ ಖುಜೈಮ.

ಮಗನೊಂದಿಗೆ ಅವನಾಡಿದ ಕೊನೆಯ ಮಾತು ಅದು. ಒಳ್ಳೆಯ ಮಾತೊಂದನ್ನು ಆಡಲು ಅವನಿಗೆ ಇಪ್ಪತ್ತೆರಡು ವರ್ಷ ಸಮಯವಿತ್ತು, ಬೆಳಗಿನಿಂದ ಹೊರಡುವ ತನಕವೂ ಇತ್ತು.

ಹತ್ತೊಂಬತ್ತನೆಯ ದಿನ ಯಜೀದನ ದಂಡನಾಯಕ ಊರೊಳಗೆ ಬಂದ. ಬಾಗಿಲು ತೆರೆದೇ ಇತ್ತು. ಆ ಶುಕ್ರವಾರ ಮಸೀದಿಯಲ್ಲಿ ಉಸಿರಾಡಲೂ ಜಾಗವಿರಲಿಲ್ಲ, ಖತೀಬರು ಯಾರ ಹೆಸರು ಹೇಳುತ್ತಾರೋ ಎಂದು ಜನ ಕಾದಿದ್ದರು. ಖತೀಬರಿಗೂ ಕಾಗೆಕೋಟೆಗೆ ಹೋದವರ ಚಿಂತೆಯಿತ್ತು. ಅವರು ಖಲೀಫರನ್ನು ಸ್ಪಷ್ಟವಾಗಿ ಹರಸಿ, "ಮತ್ತು ನಮ್ಮ ಅಮೀರರಾದ" ಎಂದವರೇ ಕೆಮ್ಮತೊಡಗಿದರು. ಕೆಮ್ಮು ನಿಲ್ಲುವಷ್ಟರಲ್ಲಿ ಹೆಸರು ದಾಟಿಹೋಗಿತ್ತು. ಮುಂದಿನ ಶುಕ್ರವಾರವೂ ಸರಿಯಾಗಿ ಅದೇ ಜಾಗದಲ್ಲಿ ಕೆಮ್ಮು ಬಂತು. ಮುದುಕರಿಗೆ ಜೇನುತುಪ್ಪ ಕೊಡಿ ಎಂದು ದಂಡನಾಯಕ ಹೇಳಿಕಳಿಸಿದನಂತೆ.

ಖುಜೈಮನಿಗೆ ಹಾಗೆ ಕೆಮ್ಮಲು ಬಂದೀತೇ? ಉಕ್ಕಿನ ಮೇಲೆ ಹೆಸರು ಇರಬೇಕು ಇಲ್ಲವೇ ಇರಬಾರದು. ಹೊಸ ವರ್ಷಕ್ಕೆ ಇನ್ನು ಮೂರೇ ವಾರವಿತ್ತು, ವರ್ಷ ಬದಲಾದರೆ ಅಚ್ಚು ಬದಲಾಗಬೇಕು, ಅಚ್ಚಿನಲ್ಲಿ ಹೊಸ ಅಮೀರನ ಹೆಸರು ಬರಬೇಕು. ಬಂದರೆ ಮಗ ಇಲ್ಲ. ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ಉಂಡದ್ದು ಒಳಗೆ ಇಳಿಯಲಿಲ್ಲ. ಒಂದು ಬೆಳಿಗ್ಗೆ ಲುಬಾಬ ಹಿಟ್ಟು ನಾದಲು ಮಣೆಯ ಮೇಲೆ ಹುಡಿಹಿಟ್ಟು ಉದುರಿಸಿದ್ದಳು. ಖುಜೈಮ ಎದುರಿಗೆ ಕೂತು ಬೆರಳಿನಿಂದ ಅದರಲ್ಲಿ ಹೆಸರು ಗೀಚುತ್ತಿದ್ದ. ಬುರೈದ್ ಎಂದು ಒಮ್ಮೆ, ಯಜೀದ್ ಎಂದು ಒಮ್ಮೆ. ಗೀಚಿದವನು ತಟ್ಟನೆ ನಿಲ್ಲಿಸಿದ.

ಎರಡೂ ಒಂದೇ ಆಗಿತ್ತು.

ನಮ್ಮ ಅರಬ್ಬಿ ಲಿಪಿಯ ಹಣೆಬರಹವೇ ಅಷ್ಟು, ಎಲ್ಲ ಚುಕ್ಕಿಯ ಮೇಲೆ ನಿಂತಿದೆ. ಪುಟ್ಟ ಹಲ್ಲಿನಂಥ ಒಂದು ಗೆರೆಯ ಕೆಳಗೆ ಒಂದು ಚುಕ್ಕಿ ಇಟ್ಟರೆ 'ಬ', ಎರಡಿಟ್ಟರೆ 'ಯ'. ಬಾಗಿದ ಗೆರೆಯನ್ನು ಹಾಗೇ ಬಿಟ್ಟರೆ 'ರ', ಮೇಲೊಂದು ಚುಕ್ಕಿ ಇಟ್ಟರೆ 'ಜ'. ಪತ್ರ ಬರೆಯುವವರು ಬೇಕಾದಾಗ ಚುಕ್ಕಿ ಇಡುತ್ತಾರೆ. ನಾಣ್ಯ ಕೆತ್ತುವವರು ಇಡುವುದಿಲ್ಲ, ಅಜ್ಜಂದಿರ ಕಾಲದಿಂದ ಇಟ್ಟಿಲ್ಲ. ಸ್ವರಕ್ಕೆ ಬೇರೆ ಗುರುತು ಬರೆಯುವ ರೂಢಿಯೂ ಇಲ್ಲ, ಕೊನೆಯ ಎರಡು ಅಕ್ಷರ ಎರಡು ಹೆಸರಿಗೂ ಒಂದೇ. ಹಾಗಾಗಿ ಚುಕ್ಕಿ ಇಲ್ಲದೆ ಕೆತ್ತಿದರೆ ಬುರೈದ್, ಯಜೀದ್ ಎರಡಕ್ಕೂ ಅವೇ ನಾಲ್ಕು ಗೆರೆ. ಚಿಕ್ಕಪ್ಪ ನೋಡಿದರೆ ಚಿಕ್ಕಪ್ಪನ ಹೆಸರು, ಅಣ್ಣನ ಮಗ ನೋಡಿದರೆ ಅಣ್ಣನ ಮಗನ ಹೆಸರು.

"ಏನಾಯ್ತು ಹಯ್ಯಾನನಪ್ಪ? ಯಾಕೆ ನಗ್ತಿದೀರಿ?" ಎಂದು ಲುಬಾಬ ಗಾಬರಿಯಿಂದ ಕೇಳಿದಳು. ತಾನು ನಗುತ್ತಿದ್ದೇನೆಂದು ಅವನಿಗೆ ಆಗಲೇ ತಿಳಿದದ್ದು.

ಅವನು ಅಂದೇ ನುಫೈಲನನ್ನು ಕರೆದುಕೊಂಡು ದಂಡನಾಯಕನ ಬಳಿ ಹೋದ. ದಂಡನಾಯಕ ಬೇವಿನ ಕಡ್ಡಿಯಂಥ ಯಾವುದೋ ಕಡ್ಡಿಯಿಂದ ಹಲ್ಲುಜ್ಜುತ್ತ ಕೂತಿದ್ದ, ಪಕ್ಕದಲ್ಲಿ ಅವನ ಬಡಕಲು ಕರಣಿಕ. ಖುಜೈಮ ಹೋದ ವರ್ಷದ ದಿರ್ಹಮ್ ಒಂದನ್ನು ಕರಣಿಕನ ಕೈಗಿಟ್ಟು ಕೆಳಗಿನ ಸಾಲು ಓದಬೇಕೆಂದು ಕೇಳಿದ. ಹುಟ್ಟಿದಾಗಿನಿಂದ ಯಜೀದನ ಅನ್ನ ತಿಂದವನು ಕರಣಿಕ, ಅವನ ಕಣ್ಣಿಗೆ ಬೇರೆ ಹೆಸರು ಕಾಣುವುದು ಹೇಗೆ. ಅಮೀರ್ ಯಜೀದ್ ಎಂದು ಓದಿದವನು, ನಾಣ್ಯ ತಿರುಗಿಸಿ ವರ್ಷ ನೋಡಿ ಬೆಪ್ಪಾದ. ನುಫೈಲ ಇದೇ ಸಮಯವೆಂದು, ನಮ್ಮೂರಿನ ಬೆಳ್ಳಿ ಮೊದಲಿನಿಂದಲೂ ನಿಮ್ಮ ಒಡೆಯರ ಹೆಸರನ್ನೇ ಹೊತ್ತಿತ್ತು ನೋಡಿ ಎಂದು ಬೆಣ್ಣೆ ಹಚ್ಚಿದ. ದಂಡನಾಯಕ ಅಷ್ಟು ಸುಲಭಕ್ಕೆ ಬಗ್ಗುವವನಲ್ಲ. ಹಾಗಾದರೆ ಚುಕ್ಕಿ ಇಟ್ಟು ಕೆತ್ತು, ಅನುಮಾನವೇ ಬೇಡ ಎಂದ.

ಖುಜೈಮ ತಡಮಾಡದೆ ಕೈಮುಗಿದ.

"ಇಡಬಹುದು ಸ್ವಾಮಿ. ಆದ್ರೆ ಚುಕ್ಕಿ ಇಡೋದು ಓದೋಕೆ ಬಾರದೋರಿಗೆ. ನಿಮ್ಮ ಒಡೆಯರ ಹೆಸರು ಚುಕ್ಕಿ ಇಲ್ದಿದ್ರೆ ಜನಕ್ಕೆ ಗುರುತೇ ಸಿಗಲ್ಲ ಅಂತ ನಾವೇ ಸಾರಿದ ಹಾಗಾಗತ್ತೆ."

ದಂಡನಾಯಕನಿಗೆ ಓದಲು ಬರುತ್ತಿರಲಿಲ್ಲ, ಅದನ್ನು ನಾಲ್ಕು ಜನರ ಮುಂದೆ ತೋರಿಸಿಕೊಳ್ಳಲು ಅವನಿಗೆ ಇಷ್ಟವೂ ಇರಲಿಲ್ಲ. ಕರಣಿಕನ ಮುಖ ನೋಡಿದ. ಕರಣಿಕ ತಲೆಯಾಡಿಸಿದ. ಹಾಗಿದ್ದರೆ ಬೇಡ ಎಂದು ದಂಡನಾಯಕ ಕಡ್ಡಿ ಎಸೆದು ಎದ್ದ.

ಖುಜೈಮ ಹೊಸ ವರ್ಷದ ಅಚ್ಚಿಗೆ ಮೂರು ದಿನ ಕೂತ. ಅಷ್ಟು ಜೋಪಾನವಾಗಿ ಅವನು ಜನ್ಮದಲ್ಲೇ ಕೆತ್ತಿರಲಿಲ್ಲ. ಆ ನಾಲ್ಕು ಗೆರೆಯ ಮೇಲೆ, ಕೆಳಗೆ, ಅಕ್ಕಪಕ್ಕ ಉಳಿಯ ತುದಿಯೂ ತಾಗಬಾರದು, ಒಂದು ಗೀರು ಕೂಡ ಚುಕ್ಕಿಯಂತೆ ಕಾಣಬಾರದು ಎಂದು ಉಸಿರು ಬಿಗಿಹಿಡಿದು ಕೆತ್ತಿದ. ಚುಕ್ಕಿ ಇಡಬಾರದು, ಚುಕ್ಕಿ ಇಡಬಾರದು ಎಂಬುದೊಂದೇ ಜಪ. ಕೈವಾರ ಊರಿದ್ದ ನಡುಗುಂಡಿ ಆ ಹೆಸರಿನ ಸಾಲಿಗೆ ಸರಿಯಾಗಿ ಮೇಲೆ, ಎರಡನೆಯ ಅಕ್ಷರದ ನೆತ್ತಿಯ ಮೇಲಿತ್ತು. ಪ್ರತಿ ವರ್ಷವೂ ಅದು ಅಲ್ಲೇ ಇರುತ್ತಿತ್ತು, ಪ್ರತಿ ವರ್ಷವೂ ಹಯ್ಯಾನ್ ಅದನ್ನು ಮುಚ್ಚುತ್ತಿದ್ದ. ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ: ಒಪ್ಪಗಲ್ಲು ಆ ಮೂರು ದಿನವೂ ಬಾಗಿಲ ಪಕ್ಕದ ಗೂಡಿನಲ್ಲೇ ಇತ್ತು. ಎಂಟು ವರ್ಷದಿಂದ ಆ ಕೆಲಸ ಅವನ ಕೈಯದಾಗಿರಲಿಲ್ಲ, ಅವನ ಕೈಗೆ ಅದು ನೆನಪಾಗಲಿಲ್ಲ. ಕೊನೆಯ ಗೆರೆ ಮುಗಿದೊಡನೆ ಅವನು ಅಚ್ಚನ್ನು ಕುಲುಮೆಗೆ ಕೊಟ್ಟು ಮನೆಗೆ ಹೋಗಿ, ವಾರಗಳಾದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡ.

ಸುತ್ತಿಗೆ ಬೀಸುವವರು ಬೆಳ್ಳಿಯ ಮೇಲಿನ ಆ ಗುಳ್ಳೆಯನ್ನು ಕಂಡಿರಬಹುದು, ಅವರಿಗೆ ಓದಲು ಬಾರದು. ನುಫೈಲನೂ ಕಂಡಿರಬಹುದು. ಆದರೆ ಆ ದಿನಗಳಲ್ಲಿ ಅವನು ತನ್ನ ಜಾಣತನವನ್ನು ಊರಿಗೆಲ್ಲ ಹೇಳಿಕೊಂಡು ಬರುವುದರಲ್ಲೇ ಇದ್ದ. ಊರಿಗೂ ಹೋದ ಜೀವ ಬಂದಂತಾಗಿತ್ತು. ಖಾಜಿಯ ಮನೆಯಿಂದ ಖುಜೈಮನಿಗೆ ಒಂದು ಕುರಿ ಬಂತು. ಖತೀಬರು ದಾರಿಯಲ್ಲಿ ನಿಲ್ಲಿಸಿ, ಇನ್ನು ನನ್ನ ಕೆಮ್ಮೂ ವಾಸಿಯಾಗಬಹುದು ಅಲ್ಲವೇ ಹಯ್ಯಾನನಪ್ಪ ಎಂದು ಕಣ್ಣು ಮಿಟುಕಿಸಿದರು. ಲುಬಾಬ ಮಗನ ಹಾಸಿಗೆಯನ್ನು ಬಿಸಿಲಿಗೆ ಹಾಕುವುದು, ಮಡಿಸಿ ಒಳಗಿಡುವುದು, ಮತ್ತೆ ಬಿಸಿಲಿಗೆ ಹಾಕುವುದು ಮಾಡುತ್ತಿದ್ದಳು.

ಚಳಿ ಹೋಯಿತು. ಹಿರ್ಮಾಸ್ ಹೊಳೆಯ ದಂಡೆಯ ಬಿಳಿ ಗುಲಾಬಿ ಅರಳಿದವು. ಗುಲಾಬಿ ನೀರು ಇಳಿಸುವವರ ಬೀದಿಯಲ್ಲಿ ಹಂಡೆಗಳು ಒಲೆ ಹತ್ತುತ್ತಿದ್ದಾಗ ಅದೇ ಬೀದಿಯ ಬಕ್ಕಾರ್, ಹಯ್ಯಾನನ ಜೊತೆ ಒತ್ತೆಯಾಳಾಗಿ ಹೋಗಿದ್ದವನು, ಒಬ್ಬನೇ ನಡೆದುಕೊಂಡು ಊರಿಗೆ ಬಂದ. ತನ್ನ ಮನೆಗೂ ಹೋಗದೆ ನೇರ ಖುಜೈಮನ ಮನೆಯ ಬಾಗಿಲಿಗೆ ಬಂದು ನಿಂತ. ಅವನ ಕೈಯಲ್ಲಿ ಹಯ್ಯಾನನ ಮೇಲಂಗಿಯಿತ್ತು. ಅಂಗಿ ನೋಡಿದ ಮೇಲೆ ಕೇಳುವುದೇನೂ ಉಳಿದಿರಲಿಲ್ಲ, ಆದರೂ ಲುಬಾಬ ಕೇಳಿದಳು.

ಜ್ವರ ಎಂದ ಬಕ್ಕಾರ್. ಚಳಿಜ್ವರ ಬಂತು, ನಾಲ್ಕು ದಿನ ಮಲಗಿದ, ಐದನೆಯ ದಿನ ಹೋದ. ನೋವಾಗಲಿಲ್ಲ. ನಿಮ್ಮನ್ನೇ ನೆನೆಯುತ್ತಿದ್ದ. ಬಾಯಿಪಾಠ ಮಾಡಿಕೊಂಡು ಬಂದವನಂತೆ ಒಂದೇ ಸಮನೆ ಹೇಳಿ ಮುಗಿಸಿದ. ಲುಬಾಬ ಅಂಗಿಯನ್ನು ತೆಗೆದುಕೊಂಡು ಒಳಗೆ ಹೋದಳು. ಒಳಗಿನಿಂದ ಬಂದ ಸದ್ದನ್ನು ಬೀದಿಯವರು ಬಹಳ ದಿನ ಮರೆಯಲಿಲ್ಲ, ನೆರೆಯ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದರು.

ಬಕ್ಕಾರ್ ಬಾಗಿಲಲ್ಲೇ ನಿಂತಿದ್ದ. ಹೋಗಲೂ ಆಗದೆ, ನಿಲ್ಲಲೂ ಆಗದೆ, ಸೊಂಟದ ಪಟ್ಟಿಯಿಂದ ಏನನ್ನೋ ತೆಗೆದು ಖುಜೈಮನ ಕಡೆ ಚಾಚಿದ. ಇದನ್ನು ನಿಮ್ಮ ಕೈಗೇ ಕೊಡಬೇಕೆಂದು ಕೋಟೆಯವರು ಆಣೆ ಹಾಕಿಸಿ ಕಳಿಸಿದ್ದಾರೆ ಎಂದ. ಹೊಸ ವರ್ಷದ ದಿರ್ಹಮ್. ಹೇಸರಗತ್ತೆಯ ಸಾಲಿನವರು ಯಾರೋ ಮೇವಿಗೆ ಕೊಟ್ಟ ಬೆಳ್ಳಿಯಲ್ಲಿ ಅದು ಕೋಟೆಗೆ ಬಂದಿತ್ತಂತೆ.

ಖುಜೈಮ ಅದನ್ನು ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ. ಬೆಳ್ಳಿ ಬೆಳ್ಳಗೆ ಕಂಡಿತು, ಅಷ್ಟೇ. ಆಗ ಮಗ ಹೇಳಿದ್ದು ನೆನಪಾಯಿತು: ಬೆರಳಲ್ಲಿ ನೋಡಿ. ಹೆಬ್ಬೆರಳನ್ನು ನಾಣ್ಯದ ಮೇಲೆ ಮೆಲ್ಲಗೆ ಎಳೆದ. ಖಲೀಫರ ಹೆಸರು ದಾಟಿತು. ನಡುವಿಗೆ ಬಂದಾಗ ಬೆರಳು ನಿಂತಿತು. ಸಾಸಿವೆಗಿಂತ ಸಣ್ಣದು. ಅದರ ಕೆಳಗೆ ಅಮೀರನ ಹೆಸರಿನ ಎರಡನೆಯ ಅಕ್ಷರ. ಚುಕ್ಕಿಯಿಲ್ಲದಿದ್ದರೆ ಬುರೈದನಾಗಿರಬಹುದು. ಚುಕ್ಕಿಯಿದ್ದರೆ ಯಜೀದ್, ಅವನೊಬ್ಬನೇ.

ಅವನು ಹೊಸಿಲ ಮೇಲೆ ಕೂತ. ಬಕ್ಕಾರನನ್ನೂ ಕೈ ಹಿಡಿದು ಕೂರಿಸಿಕೊಂಡ.

"ಜ್ವರ ಅಲ್ಲ," ಎಂದ.

ಬಕ್ಕಾರ್ ತಲೆ ತಗ್ಗಿಸಿದ. "ಜ್ವರ ಅಂತ ಹೇಳು ಅಂದಿದ್ದ ಅವನು. ಚುಕ್ಕಿ ವಿಷಯ ಅಪ್ಪನ ಹತ್ರ ಎತ್ತಬೇಡ, ಅವರು ತಡ್ಕೊಳಲ್ಲ ಅಂದಿದ್ದ."

ಆಮೇಲೆ ಹೇಳಿದ, ಒಳಗಿನ ಹೆಂಗಸರಿಗೆ ಕೇಳಿಸದಂತೆ. ಬುರೈದನ ಮುಂದೆ ನಾಣ್ಯ ತಂದಿಟ್ಟಾಗ ಐವರನ್ನೂ ನಿಲ್ಲಿಸಿದ್ದರು. ಇದು ಯಾರ ಕೈಕೆಲಸ ಎಂದು ಕೇಳಿದರು. ಹಯ್ಯಾನ್ ನನ್ನ ಅಪ್ಪನದು ಎಂದ, ಅದರಲ್ಲಿ ಸುಳ್ಳು ಹೇಳುವಂತಿರಲಿಲ್ಲ, ಆ ಕೈ ನಾಡಿಗೆಲ್ಲ ಗೊತ್ತು. ಚುಕ್ಕಿ ಏಕೆ ಇಟ್ಟ ಎಂದು ಕೇಳಿದರು. ಇದು ಅಕ್ಷರದ ಚುಕ್ಕಿ ಅಲ್ಲ, ಕೈವಾರದ ಚುಕ್ಕಿ, ಅಪ್ಪನಿಗೆ ಕಣ್ಣು ಕಾಣದು, ಮುಚ್ಚಲು ಮರೆತಿದ್ದಾರೆ ಎಂದು ಅವನು ಮತ್ತೆ ಮತ್ತೆ ಹೇಳಿದ. ಕೈವಾರ ತನ್ನಿ, ತೋರಿಸುತ್ತೇನೆ, ಸುತ್ತಿನ ನಟ್ಟನಡುವೆ ಇದೆ ನೋಡಿ ಎಂದ. ಬುರೈದನ ಕರಣಿಕ ಹಿಂದಿನ ವರ್ಷಗಳ ದಿರ್ಹಮುಗಳನ್ನು ತರಿಸಿ ಸಾಲಾಗಿ ಜೋಡಿಸಿದ. ಯಾವುದರಲ್ಲೂ ನಡುವೆ ಚುಕ್ಕಿ ಇರಲಿಲ್ಲ.

"ಹೋದ ವರ್ಷ ಇಲ್ದಿದ್ದು ಈ ವರ್ಷ ಹೆಂಗೆ ಬಂತು ಅಂತ ಅವರು ಕೇಳಿದ್ರು," ಎಂದ ಬಕ್ಕಾರ್. "ಅದಕ್ಕೆ ಹಯ್ಯಾನ್, ಹೋದ ವರ್ಷ ನಾನಿದ್ದೆ ಅಂದ."

ಅವರು ನಂಬಲಿಲ್ಲ. ಉಳಿದ ನಾಲ್ವರ ಅಪ್ಪಂದಿರ ಕೈ ನಾಣ್ಯದ ಮೇಲೆ ಇರಲಿಲ್ಲವಾದ್ದರಿಂದ ಅವರನ್ನು ಮುಟ್ಟದೆ, ಹಯ್ಯಾನನೊಬ್ಬನನ್ನು ಕೋಟೆಯ ಹಿಂದಕ್ಕೆ ಕರೆದುಕೊಂಡು ಹೋದರು.

ಖುಜೈಮನ ಹೆಬ್ಬೆರಳು ಆ ಚುಕ್ಕಿಯನ್ನು ಉಜ್ಜುತ್ತಲೇ ಇತ್ತು, ಉಜ್ಜಿದರೆ ಹೋದೀತು ಎಂಬಂತೆ. ಕೊನೆಗೆ ಬಕ್ಕಾರನಿಗೆ ಒಂದೇ ಒಂದು ಮಾತು ಹೇಳಿದ. ಹಯ್ಯಾನನ ಅಮ್ಮನಿಗೆ ಜ್ವರ ಅಂತಲೇ ಗೊತ್ತಿರಲಿ.

ಹಾಗೇ ಇತ್ತು. ಕಾಗೆಕೋಟೆಯ ಗಾಳಿಯನ್ನು, ಅಲ್ಲಿಯ ನೀರನ್ನು ಲುಬಾಬ ಬಯ್ದು ಅತ್ತಳು. ಬಂದವರೆಲ್ಲರ ಎದುರೂ, ಜ್ವರಕ್ಕೆ ನಾವೇನು ಮಾಡೋಕಾಗತ್ತೆ, ಯಾರ ತಪ್ಪೂ ಇಲ್ಲವಲ್ಲ ಎಂದು ಹೇಳಿ ಗಂಡನ ಮುಖ ನೋಡುತ್ತಿದ್ದಳು. ಯಾರ ತಪ್ಪೂ ಇಲ್ಲ ಎಂದು ಅವನೂ ಹೇಳಬೇಕಾಗುತ್ತಿತ್ತು. ದಿನಕ್ಕೊಂದು ಸಲವಾದರೂ ಹೇಳಬೇಕಾಗುತ್ತಿತ್ತು. ಅತ್ತರೆ ಹಗುರವಾದೀತೆಂದು ಅವನು ಒಂದೆರಡು ಬಾರಿ ಹೊಳೆಯ ದಂಡೆಗೆ ಹೋಗಿ ಕೂತು ನೋಡಿದ. ಬರಲಿಲ್ಲ. ಬೀದಿಯಲ್ಲಿ ಜನ ಹಯ್ಯಾನನಪ್ಪ ಎಂದು ಕರೆಯುವುದನ್ನು ಬಿಡಲಿಲ್ಲ, ಅದನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಕರೆದಾಗಲೆಲ್ಲ ಅವನು ಓಗೊಡುತ್ತಿದ್ದ.

ಇಷ್ಟಾದ ಮೇಲೆ ಆ ದೊಡ್ಡ ಮನೆತನದವರು ಏನು ಮಾಡಿದರು? ರಾಜಿಯಾದರು. ಬೇಸಿಗೆ ನಡುವಿಗೆ ಬುರೈದ್, ಯಜೀದ್ ಇಬ್ಬರೂ ಒಂದು ಸೇತುವೆಯ ಮೇಲೆ ಎದುರುಬದುರಾಗಿ ಬಂದು, ಒಬ್ಬರನ್ನೊಬ್ಬರು ತಬ್ಬಿ, ರಕ್ತಸಂಬಂಧ ಎಲ್ಲಿಗೆ ಹೋದೀತು ಎಂದು ಗೋಳೋ ಎಂದು ಅತ್ತರಂತೆ. ಕುದುರೆ ಕೊಟ್ಟು ತೆಗೆದುಕೊಂಡರು. ಮುದುಕ ತನ್ನ ಮಗಳನ್ನು ಅಣ್ಣನ ಮಗನಿಗೆ ಕೊಡುವ ಮಾತಾಯಿತು. ಒತ್ತೆಯಾಳಾಗಿದ್ದ ಉಳಿದ ಮೂವರೂ ಮನೆಗೆ ಬಂದರು. ಕಷ್ಟಪಟ್ಟ ಐದು ಮನೆಗೂ ಅಮೀರರ ಕಡೆಯಿಂದ ಒಂದೊಂದು ರೇಷ್ಮೆಯ ನಿಲುವಂಗಿ ಉಡುಗೊರೆಯಾಗಿ ಬಂತು. ಪಟ್ಟಿ ಮಾಡಿದ ಕರಣಿಕ ಹಳೆಯ ಹೆಸರುಗಳನ್ನೇ ನಕಲು ಮಾಡಿದ್ದಿರಬೇಕು, ಖುಜೈಮನ ಮನೆಗೆ ಬಂದ ನಿಲುವಂಗಿಯ ಮೇಲೆ ಹಯ್ಯಾನನ ಹೆಸರಿತ್ತು, ಅವನ ಅಳತೆಯಿತ್ತು. ಲುಬಾಬ ಅದನ್ನು ಬಿಚ್ಚದೆ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಮರುವಾರ ನುಫೈಲ ಹೊಸ ಆಜ್ಞೆ ಹೇಳಲು ಬಂದ. ರಾಜಿಯ ಗುರುತಿಗೆ ಹೊಸ ದಿರ್ಹಮ್ ಬರಬೇಕು. ಮೇಲೆ ಖಲೀಫರು, ಅದರ ಕೆಳಗೆ ಬುರೈದ್, ಅದರ ಕೆಳಗೆ ಯಜೀದ್. ಒಂದೇ ಬೆಳ್ಳಿಯ ಮೇಲೆ ಇಬ್ಬರೂ. ಗೊಂದಲವಾಗದಂತೆ ಈ ಸಲ ಚುಕ್ಕಿ ಇಟ್ಟರೂ ನಡೆದೀತು ಎಂದಿದ್ದಾರೆ, ಎಂದು ಅವನು ನೆಲ ನೋಡುತ್ತ ಹೇಳಿದ. ನಿನಗೆ ಕಷ್ಟವಾದರೆ ಮೋಸುಲಿನಿಂದ ಬೇರೆಯವರನ್ನು ಕರೆಸುತ್ತೇನೆ ಎಂದೂ ಸೇರಿಸಿದ.

ಒಂದೇ ಬೆಳ್ಳಿಯ ಮೇಲೆ ಇಬ್ಬರೂ ಇರುವುದಾದರೆ ನನ್ನ ಮಗ ಯಾತಕ್ಕೆ ಹೋದ ಎಂದು ಖುಜೈಮನಿಗೆ ಕೇಳಬೇಕೆನಿಸಿತು. ಕೇಳುವುದು ಯಾರನ್ನು? ನುಫೈಲನ ಕಣ್ಣಲ್ಲಿ ಆಗಲೇ ನೀರಿತ್ತು. ಖುಜೈಮ ತಾನೇ ಕೆತ್ತುತ್ತೇನೆ ಎಂದ.

ಟಂಕಸಾಲೆಗೆ ಹೋಗಿ, ಉಕ್ಕನ್ನು ಮುಂದಿಟ್ಟುಕೊಂಡು, ಕೈವಾರದ ಮೊನೆ ಊರಿ ಸುತ್ತು ಎಳೆದ. ಸಾಲು ಎಳೆದ. ಖಲೀಫರ ಹೆಸರು ಕೆತ್ತಿದ. ಅದರ ಕೆಳಗೆ ಆ ನಾಲ್ಕು ಗೆರೆ. ಅದರ ಕೆಳಗೆ ಮತ್ತೆ ಅವೇ ನಾಲ್ಕು ಗೆರೆ. ಚಿಕ್ಕಪ್ಪನೂ ಅಣ್ಣನ ಮಗನೂ ಒಬ್ಬರ ಮೇಲೊಬ್ಬರು, ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂತರು. ಅವನು ಚುಕ್ಕಿ ಇಡಲಿಲ್ಲ. ಬಾಗಿಲ ಪಕ್ಕದ ಗೂಡಿನ ಕಡೆ ಒಮ್ಮೆ ನೋಡಿದ. ದೂರದ್ದು ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು, ಒಪ್ಪಗಲ್ಲು ಮಗ ಇಟ್ಟುಹೋದ ಹಾಗೇ ಇತ್ತು. ಅವನು ಎದ್ದು ಹೋಗಿ ಅದನ್ನು ಮುಟ್ಟಲಿಲ್ಲ.

ಅಚ್ಚು ಕಾಯಿಸಿ ತಣಿಸಿದ ಮೇಲೆ ಮೊದಲ ನಾಣ್ಯ ಹೊಡೆದು ನುಫೈಲ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಈ ಸಲ ಅವನು ಬಹಳ ಹೊತ್ತು ನೋಡಿದ. ಚುಕ್ಕಿಯ ಕಥೆ ಅವನಿಗೆ ಗೊತ್ತಿರಲಿಲ್ಲ, ಬಕ್ಕಾರ್ ಕೊಟ್ಟ ಮಾತಿಗೆ ತಪ್ಪಿರಲಿಲ್ಲ, ಆಮೇಲೆ ಬಂದ ಮೂವರ ಬಾಯಿಯನ್ನೂ ಅವನೇ ಕಟ್ಟಿದ್ದ.

"ಹಯ್ಯಾನನಪ್ಪ, ಕೆಲಸ ಚೆನ್ನಾಗಿ ಬಂದಿದೆ," ಎಂದ ಮೆಲ್ಲಗೆ. "ನಡುವೆ ಈ ಕೈವಾರದ ಗುಂಡಿ ಒಂದು ಮುಚ್ಚಿಲ್ಲ, ನೋಡು. ಮುಚ್ಚಿಬಿಡ್ತೀಯಾ?"

ಖುಜೈಮ ಉಳಿಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದ. ತಲೆಯೆತ್ತಲಿಲ್ಲ.

"ಅದು ಹಯ್ಯಾನನ ಕೆಲಸ," ಎಂದ.